ನಾಲಿಗೆ ‘ಚಾಚಿ’ ಹಿಡಿಯುವವರು ಯಾರು?

ಕಪ್ಪೆ ನಾಲಿಗೆ ಚಾಚಿ ನೊಣ ಹಿಡಿಯಿತು. ಗೋಸುಂಬೆ ನಾಲಿಗೆ ಚಾಚಿ ಮಿಡತೆ ಹಿಡಿಯಿತು. ಹಾವು ನಾಲಿಗೆ ಚಾಚಿ ಇಲಿ ಹಿಡಿಯಿತು. ಮಕ್ಕಳ ಪುಸ್ತಕದಿಂದ ವಿಡಿಯೊ ವಿವರಣೆಯವರೆಗೆ ಎಲ್ಲಕ್ಕೂ ಒಂದೇ ಕ್ರಿಯಾಪದ, ಮೂರು ಕಡೆಯೂ ತಪ್ಪು. ಚಾಚುವುದೆಂದರೆ ನಿಧಾನವಾಗಿ, ಅಳತೆ ನೋಡಿಕೊಂಡು ಮುಂದಕ್ಕೆ ನೀಡುವುದು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎನ್ನುವಾಗ ಇರುವುದು ಈ ಅರ್ಥವೇ.

ಕಪ್ಪೆಯದು ಮಗುಚುವ ನಾಲಿಗೆ. ನಮ್ಮ ನಾಲಿಗೆಯ ಬುಡ ಗಂಟಲ ಕಡೆಗಿದ್ದರೆ ಕಪ್ಪೆಯದು ಕೆಳದವಡೆಯ ಮುಂದಿನ ಅಂಚಿನಲ್ಲಿದೆ. ತುದಿ ಗಂಟಲ ಕಡೆ ಮಲಗಿರುತ್ತದೆ. ಕೆಳದವಡೆ ರಪ್ಪನೆ ಇಳಿದಾಗ ನಾಲಿಗೆ ಕಾವಲಿ ಮೇಲಿನ ದೋಸೆಯಂತೆ ಮಗುಚಿಕೊಂಡು, ಬಾಯೊಳಗೆ ಮೇಲ್ಮುಖವಾಗಿದ್ದ ಮೈ ಹುಳದ ಮೇಲೆ ಕವಚಿ ಬೀಳುತ್ತದೆ. ಉತ್ತರ ಅಮೆರಿಕದ ಚಿರತೆ ಕಪ್ಪೆಗೆ ಇದಕ್ಕೆ 0.07 ಸೆಕೆಂಡೂ ಬೇಡ. ಹುಳ ನಾಲಿಗೆಗೆ ಹತ್ತಿಕೊಳ್ಳುವುದನ್ನು ಬರೀ ‘ಅಂಟು’ ಎಂದು ಮುಗಿಸುವುದೂ ಅರೆಬರೆ ವಿವರಣೆಯೇ. ಬಡಿದ ಕ್ಷಣ ಜೊಲ್ಲು ತೆಳುವಾಗಿ ಹುಳದ ಸಂದುಗೊಂದಿಗೆ ಹರಿಯುತ್ತದೆ, ಹಿಂದಕ್ಕೆ ಎಳೆಯುವಾಗ ಮತ್ತೆ ಮಂದವಾಗಿ ಬಿಗಿಯುತ್ತದೆ. ಅಷ್ಟು ಬಿಗಿದದ್ದನ್ನು ಬಿಡಿಸಲು ಕಣ್ಣುಗುಡ್ಡೆಗಳೇ ಬೇಕು. ನುಂಗುವಾಗ ಅವು ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ದೂಡುತ್ತವೆ; ಕಪ್ಪೆ ಕಣ್ಣು ಮುಚ್ಚುವುದು ಅದಕ್ಕೆ. ಆಫ್ರಿಕದ ಉಗುರುಗಪ್ಪೆಗಂತೂ ನಾಲಿಗೆಯೇ ಇಲ್ಲ.

ಗೋಸುಂಬೆಯದು ಚಿಮ್ಮುವ ನಾಲಿಗೆ. ಒಳಗೊಂದು ಕಡ್ಡಿಯಂಥ ಮೂಳೆ, ಸುತ್ತ ಕೊಳವೆಯಂಥ ಸ್ನಾಯು, ನಡುವೆ ಹಿಗ್ಗುವ ಕೊಲಾಜೆನ್ (ನಾರಿನಂಥ ಪ್ರೋಟೀನ್) ಪದರ. ಸ್ನಾಯು ಬಿಗಿದಂತೆ ಪದರ ಬಿಲ್ಲಿನ ಹೆದೆಯಂತೆ ಎಳೆದುಕೊಂಡು, ಮೂಳೆಯ ತುದಿ ದಾಟಿದ ಕೂಡಲೇ ಒದ್ದೆ ಹಲಸಿನ ಬೀಜ ಬೆರಳಿಂದ ಜಾರುವಂತೆ ನಾಲಿಗೆ ಹಾರುತ್ತದೆ. ಬಾಲ ಬಿಟ್ಟು ಮೈಯೆಷ್ಟು ಉದ್ದವೋ ಅದಕ್ಕಿಂತ ದೂರ ಹೋಗಬಲ್ಲದು. ಚಳಿಯಲ್ಲಿ ಕೆಡುವುದು ಎಸೆತವಲ್ಲ, ಎಳೆತ: ಉಷ್ಣತೆ 10 ಡಿಗ್ರಿ ಇಳಿದರೆ ಎಸೆತ ಐದರಲ್ಲೊಂದು ಪಾಲೂ ಕುಗ್ಗುವುದಿಲ್ಲ, ವಾಪಸು ಎಳೆಯುವುದು ಅರ್ಧದಷ್ಟು ಮಂದವಾಗುತ್ತದೆ. ಹಿಂದಕ್ಕೆ ಎಳೆಯಲು ಹೆದೆಯಿಲ್ಲ, ಬರೀ ಸ್ನಾಯು. ಸ್ನಾಯು ಚಳಿಗೆ ಸೋಲುತ್ತದೆ.

ಬೇಲಿಗೂಟದ ಮೇಲೆ ಕತ್ತು ಕೆಂಪಗೆ ಮಾಡಿಕೊಂಡು ಕೂರುವ ಓತಿಕ್ಯಾತವನ್ನು ದಯವಿಟ್ಟು ಗೋಸುಂಬೆ ಎನ್ನಬೇಡಿ. ಬಣ್ಣ ನೋಡಿ ಹೆಸರಿಟ್ಟರೆ ಮೋಸ ಹೋಗುತ್ತೀರಿ, ನಾಲಿಗೆ ನೋಡಿ. ಓತಿಕ್ಯಾತ ಹುಳದ ಹತ್ತಿರಕ್ಕೇ ಓಡಿ, ಗಿಡ್ಡ ದಪ್ಪ ನಾಲಿಗೆಯನ್ನು ತುಸು ಮುಂದೆ ತಂದು ತಾಗಿಸಿ, ತಕ್ಷಣ ದವಡೆ ಮುಚ್ಚುತ್ತದೆ. ಚಾಚು ಎನ್ನಲೇಬೇಕೆಂದಿದ್ದರೆ ಇಲ್ಲಿ ಹೇಳಿ, ಒಪ್ಪುತ್ತದೆ.

ಹಾವು ನಾಲಿಗೆ ಆಡಿಸುತ್ತದೆ, ಅಷ್ಟೆ. ಉಡವೂ ಹಾಗೆಯೇ. ಸೀಳುತುದಿಗಳಿಗೆ ಹತ್ತಿದ ವಾಸನೆಯ ಕಣಗಳು ಬಾಯಿಯ ಮೇಲ್ಛಾವಣಿಯಲ್ಲಿರುವ, ವಾಸನೆ ಗುರುತಿಸುವ ಜೇಕಬ್‌ಸನ್ ಅಂಗಕ್ಕೆ ಸೇರುತ್ತವೆ. ಇಲಿ ಹಿಡಿಯುವುದು ಹಲ್ಲು ಮತ್ತು ದವಡೆ. ನಾಲಿಗೆ ಆಡಿಸುತ್ತಿರುವ ಹಾವನ್ನು ಹತ್ತಿರದಿಂದ ತೆಗೆದ ಫೋಟೊದಲ್ಲಿ ನೋಡಿ: ಸಾಮಾನ್ಯವಾಗಿ ಬಾಯಿ ಮುಚ್ಚಿಯೇ ಇರುತ್ತದೆ, ನಾಲಿಗೆ ಮೇಲ್ದುಟಿಯ ನಡುವಿನ ಸಣ್ಣ ಕಿಂಡಿಯಿಂದ ಹೊರಬಂದಿರುತ್ತದೆ.