ಸ್ತ್ರೀವಾದಿಗಳು ನಿಜವಾಗಿ ಬ್ರಾ ಸುಟ್ಟಿದ್ದರೇ?

ಪ್ರಶ್ನೆ: ಸ್ತ್ರೀವಾದಿಗಳೆಂದರೆ ಬ್ರಾ ಸುಟ್ಟವರು ಅನ್ನುತ್ತಾರೆ. ಹೆಂಗಸರು ಅಲಂಕಾರ ಮಾಡಿಕೊಂಡರೆ ಅವರಿಗೇಕೆ ಅಷ್ಟು ಸಿಟ್ಟು?

ಉತ್ತರ: ಈ ಕಥೆ ಹುಟ್ಟಿದ್ದು 1968ರ ಸೆಪ್ಟೆಂಬರ್ 7ರಂದು, ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ. 'ಮಿಸ್ ಅಮೆರಿಕ' ಸ್ಪರ್ಧೆ ನಡೆಯುತ್ತಿದ್ದ ಸಭಾಂಗಣದ ಹೊರಗೆ ಪ್ರತಿಭಟನೆಗೆ ನಿಂತ ಹೆಂಗಸರು ಒಂದು ಕಸದ ಡಬ್ಬ ಇಟ್ಟರು. ಬ್ರಾ, ಹೊಟ್ಟೆ ಬಿಗಿಯುವ ಗರ್ಡಲ್, ಹೈ ಹೀಲ್ಸ್, ಅಂಟಿಸಿಕೊಳ್ಳುವ ರೆಪ್ಪೆ, ಕೂದಲಿನ ಕರ್ಲರ್, ಜೊತೆಗೆ ನೆಲ ಒರೆಸುವ ಮಾಪ್ ಕೂಡ ಅದರೊಳಗೆ ಬಿದ್ದವು. (ಮಾಪ್ ಯಾರ ನೆನಪಿನಲ್ಲೂ ಉಳಿಯಲಿಲ್ಲ ನೋಡಿ.) ಒಂದು ಕುರಿಗೆ ಕಿರೀಟವನ್ನೂ ತೊಡಿಸಿದರು. ಬೆಂಕಿ ಮಾತ್ರ ಹಚ್ಚಲಿಲ್ಲ ಎಂದು ಸಂಘಟಕರೇ ಹೇಳಿದ್ದಾರೆ. ಅವರು ನಿಂತಿದ್ದೇ ಮರದ ಹಲಗೆಯ ದಾರಿಯ ಮೇಲೆ. ವಿಯೆಟ್ನಾಂ ಯುದ್ಧ ಬೇಡವೆಂದ ಹುಡುಗರು ಸೇನಾ ನೋಂದಣಿ ಚೀಟಿ ಸುಡುತ್ತಿದ್ದ ಕಾಲವದು. ಪತ್ರಿಕೆಯವರು ಅದಕ್ಕೂ ಇದಕ್ಕೂ ಗಂಟು ಹಾಕಿದರು.

ನನಗೆ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. ಪ್ರತಿಭಟನೆಯ ಮುಂದಾಳುಗಳಲ್ಲೊಬ್ಬರಾದ ಕ್ಯಾರಲ್ ಹ್ಯಾನಿಶ್ ಅದೇ ವರ್ಷ ತಮ್ಮವರನ್ನೇ ಟೀಕಿಸಿ ಬರೆದರು. ಕೆಲವು ಫಲಕಗಳಿಂದ ಸ್ಪರ್ಧೆಯ ಹುಡುಗಿಯರೇ ಶತ್ರುಗಳು ಎಂಬಂತಾಯಿತು, ಅದು ತಪ್ಪು ಎಂದರು. ಸಿಟ್ಟಿದ್ದದ್ದು ಹೆಂಗಸರಿಗೆಲ್ಲ ಹಿಡಿದ ಅಳತೆಗೋಲಿನ ಮೇಲೆ. ಅಂದಗಾತಿಯೂ ಅದರಡಿಯೇ ಇದ್ದಾಳೆ. ಮಿಸ್ ಅಮೆರಿಕದವರು ಈಜುಡುಗೆಯ ಸುತ್ತನ್ನು ಕೈಬಿಟ್ಟದ್ದು 2018ರಲ್ಲಿ!

ಆದ್ದರಿಂದ ಲಿಪ್‌ಸ್ಟಿಕ್ ಹಚ್ಚಿಕೊಂಡವಳನ್ನು 'ನೀನೆಂಥ ಸ್ತ್ರೀವಾದಿ' ಎಂದು ಹಂಗಿಸುವುದರಲ್ಲಿ ಅರ್ಥವಿಲ್ಲ. ಹಚ್ಚಿಕೊಳ್ಳದಿದ್ದರೆ ಏನಾಗುತ್ತದೆ ಎಂದು ಕೇಳಿ. 2015ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕಚೇರಿಯೊಂದಕ್ಕೆ ಸ್ವಾಗತಕಾರಿಣಿಯಾಗಿ ಬಂದ ಯುವತಿಯನ್ನು, ಚಪ್ಪಟೆ ಶೂ ಹಾಕಿದ್ದಕ್ಕೆ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಎರಡರಿಂದ ನಾಲ್ಕು ಇಂಚಿನ ಹಿಮ್ಮಡಿ ಇರಬೇಕಿತ್ತಂತೆ. ಆಕೆ ಸಂಸತ್ತಿಗೆ ಹಾಕಿದ ಅರ್ಜಿಗೆ 1,50,000ಕ್ಕೂ ಹೆಚ್ಚು ಸಹಿ ಬಿತ್ತು, ಕೆಲಸ ಕೊಟ್ಟ ಏಜೆನ್ಸಿ ನಿಯಮ ತಿದ್ದಿಕೊಂಡಿತು.

ಅದು ಬರೆದಿಟ್ಟ ನಿಯಮ, ಹಾಗಾಗಿ ಕೈಗೆ ಸಿಕ್ಕಿತು. ಮೇಕಪ್ ಇಲ್ಲದೆ ಬಂದ ದಿನ 'ಯಾಕ್ರೀ, ಹುಷಾರಿಲ್ವಾ?' ಎಂದು ವಿಚಾರಿಸುವುದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅಂಥ ಕಡೆ ತನ್ನ ಅಲಂಕಾರದಲ್ಲಿ ಇಷ್ಟವೆಷ್ಟು, ಅಂಜಿಕೆಯೆಷ್ಟು ಎಂದು ಆಕೆಗೇ ಬಿಡಿಸಿ ಹೇಳಲಾಗದು. ಅದೇ ಗಂಡಸರನ್ನು, ತೊಳೆದ ಮುಖದಲ್ಲಿ ಬಂದದ್ದಕ್ಕೆ ಯಾರೂ ಆರೋಗ್ಯ ವಿಚಾರಿಸುವುದಿಲ್ಲ.