ಕಾಂಟೂರ್ ಗಡಿ ಬೇರೆ, ಬಣ್ಣದ ಲೆಕ್ಕ ಬೇರೆ: ಮಳೆ ನಕ್ಷೆ ಬಿಡಿಸುತ್ತಾ ಕಲಿತದ್ದು

ಪೈಥಾನ್‌ನ ಚಿತ್ರ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕರ್ನಾಟಕದ ವಾರ್ಷಿಕ ಮಳೆ ನಕ್ಷೆ ಬಿಡಿಸಲು ಕೂತಿದ್ದೆ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಡೇಟಾ. ಫೈಲ್ ಓದುವುದು ನಿಮಗೆ ಗೊತ್ತಿರುತ್ತದೆ, ನೇರ ಕಾಂಟೂರ್‌ಎಫ್‌ಗೆ, ಅಂದರೆ ಮಳೆಯ ಪ್ರಮಾಣಕ್ಕೆ ತಕ್ಕಂತೆ ನಕ್ಷೆಯನ್ನು ಬಣ್ಣದ ಪಟ್ಟೆಗಳಾಗಿ ತುಂಬುವ ಫಂಕ್ಷನ್‌ಗೆ ಬರುತ್ತೇನೆ.

ಪಟ್ಟೆಗಳ ಗಡಿ ಹೇಳುವ ಲೆವೆಲ್ಸ್‌ಗೆ 10 ಅಂತ ಒಂದೇ ಅಂಕಿ ಕೊಟ್ಟರೆ ಹತ್ತೇ ಪಟ್ಟೆ ಬರುತ್ತವೆ ಅಂದುಕೊಳ್ಳಬೇಡಿ. ಅದು ತನಗೆ ಒಪ್ಪುವ ಸರಳ ಸಂಖ್ಯೆಗಳನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಗಡಿಗಳನ್ನು ನಾನೇ ಕೊಟ್ಟೆ: 400, 600, 800, 1000, 1500, 2000, 3000, 4000 ಮಿ.ಮೀ. ಎಂಟು ಗಡಿ, ಏಳು ಪಟ್ಟೆ.

ಎರಡು ಸಂಜೆ ತಿಂದದ್ದು ಮುಂದಿನ ಹೆಜ್ಜೆ, ಬಣ್ಣ. ಯಾವ ಬಣ್ಣಕ್ಕೆ ಎಷ್ಟು ಮಳೆ ಅಂತ ತೋರಿಸುವ ಪಕ್ಕದ ಪಟ್ಟಿ, ಕಲರ್‌ಬಾರ್‌ನಲ್ಲಿ ಏಳೂ ಮನೆ ಒಂದೇ ಅಳತೆಯಲ್ಲಿ ನೀಟಾಗಿ ಕೂತಿವೆ. ನಕ್ಷೆಯಲ್ಲಿ ಮಾತ್ರ ಬಳ್ಳಾರಿ, ಮೈಸೂರು, ಬೀದರ್ ಎಲ್ಲವೂ ಕಡುನೇರಳೆ. ಬಣ್ಣಸಾಲಿನ ಎರಡು ತುದಿಯ ಬೆಲೆಗಳಾದ ವಿಮಿನ್, ವಿಮ್ಯಾಕ್ಸ್ ಬದಲಿಸಿ ನೋಡಿದೆ. ಬಣ್ಣ ಸರಿದಾಡಿತು, ಗಡಿಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಕಾರಣ ಇದು: ಪಟ್ಟೆ ಎಲ್ಲಿ ಮುಗಿಯಬೇಕು ಅನ್ನುವುದನ್ನು ಲೆವೆಲ್ಸ್ ಹೇಳುತ್ತದೆ, ಯಾವ ಬಣ್ಣ ಅನ್ನುವುದನ್ನು ನಾರ್ಮ್ ಹೇಳುತ್ತದೆ. ಸುಮ್ಮನೆ ಬಿಟ್ಟರೆ ನಾರ್ಮ್ ಸರಳರೇಖೆಯದು. ಪ್ರತಿ ಪಟ್ಟೆಯ ನಡು ಬೆಲೆ ಹಿಡಿದು 400ರಿಂದ 4000ರ ಒಳಗೆ ಅದರ ಜಾಗವನ್ನು 0ಯಿಂದ 1ರ ಅಳತೆಯಲ್ಲಿ ಹುಡುಕುತ್ತದೆ. ಕೈಯಲ್ಲೇ ಲೆಕ್ಕ ಹಾಕಿ. 400–600ರ ನಡು 500. (500−400)÷3600 ಅಂದರೆ 0.03. ಮುಂದಿನದು 0.08, ಅದರ ಮುಂದಿನದು 0.14. ಕೊನೆಯ ಪಟ್ಟೆ 0.86. ಕಡುನೇರಳೆಯಿಂದ ಹಳದಿಗೆ ಹೋಗುವ ವಿರಿಡಿಸ್ ಬಣ್ಣಸಾಲಿನಲ್ಲಿ ಮೊದಲ ಮೂರೂ ಒಂದೇ ಮೂಲೆಗೆ ಬಿದ್ದವು!

ಕಲರ್‌ಬಾರ್‌ಗೆ ಸ್ಪೇಸಿಂಗ್ ‘ಪ್ರಪೋರ್ಷನಲ್’ ಕೊಟ್ಟು ನೋಡಿ. ಕೆಳಗಿನ ಮನೆಗಳು ಕುಗ್ಗಿ, ಮೇಲಿನವು ಹಿಗ್ಗಿ, ನಿಜಸ್ಥಿತಿ ಕಣ್ಣಿಗೆ ಬೀಳುತ್ತದೆ. ನನಗೆ ವಿಷಯ ಹೊಳೆದದ್ದೇ ಹೀಗೆ.

ಪರಿಹಾರ: ಅದೇ ಗಡಿಪಟ್ಟಿಯನ್ನು ಬೌಂಡರಿನಾರ್ಮ್ ಅನ್ನುವ ಇನ್ನೊಂದು ಬಗೆಯ ನಾರ್ಮ್‌ಗೆ ಕೊಟ್ಟು, ಅದನ್ನು ಕಾಂಟೂರ್‌ಎಫ್‌ಗೆ ನಾರ್ಮ್ ಆಗಿ ದಾಟಿಸಿ. ಈಗ ಪಟ್ಟೆಯ ಅಗಲ ಎಷ್ಟೇ ಇರಲಿ, ಬಣ್ಣಗಳು ಸಮ ಅಂತರದಲ್ಲಿ ಹಂಚಿಹೋಗುತ್ತವೆ. ಬಳ್ಳಾರಿ ಮತ್ತು ಬೀದರ್ ಬೇರೆಬೇರೆ ಕಂಡವು.

ಆಗುಂಬೆಯ ವಾರ್ಷಿಕ ಸರಾಸರಿಯೇ 7000 ಮಿ.ಮೀ. ದಾಟುತ್ತದೆ. ಕೊನೆಯ ಗಡಿ 4000 ಆದರೆ, ಅದನ್ನು ಮೀರಿದ ಜಾಗಕ್ಕೆ ಬಣ್ಣವೇ ಬರುವುದಿಲ್ಲ, ಬಿಳಿ ತೂತು ಉಳಿಯುತ್ತದೆ. ಎರಡೂ ತುದಿಯ ಆಚೆಗೂ ಬಣ್ಣ ಬರಲು ಎಕ್ಸ್‌ಟೆಂಡ್ ‘ಬೋತ್’ ಅಂತ ಕಾಂಟೂರ್‌ಎಫ್, ಬೌಂಡರಿನಾರ್ಮ್ ಎರಡಕ್ಕೂ ಕೊಡಿ.

ಇನ್ನು ಕಲರ್‌ಬಾರ್ ಪಕ್ಕದ ಅಂಕಿಗಳು. ಗಡಿಗಳು ಹದಿನೈದಿಪ್ಪತ್ತಾದರೆ ಕಲರ್‌ಬಾರ್ ನಡುನಡುವೆ ಕೆಲವನ್ನು ಬಿಟ್ಟುಬಿಡುತ್ತದೆ. ಕಲರ್‌ಬಾರ್‌ನ ಟಿಕ್ಸ್‌ಗೆ ಅದೇ ಗಡಿಪಟ್ಟಿ ಕೊಟ್ಟರೆ ಎಲ್ಲವೂ ಮೂಡುತ್ತವೆ.