ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಮಾರ್ಕ್ಸ್ ಕಾರ್ಡಿನಲ್ಲಿ ಬರುತ್ತಾ?

ಓದುಗರ ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಗೋಣಿಕೊಪ್ಪದ ಹತ್ತಿರ ಸರ್ಕಾರಿ ಶಾಲೆಯಲ್ಲಿ 8ನೇ ತರಗತಿ. ಅಮೆರಿಕದಲ್ಲಿರುವ ನಮ್ಮಣ್ಣನ ಮಗ ಹೈಸ್ಕೂಲಿನಲ್ಲೇ ಇಂಟರ್ನ್‌ಶಿಪ್ ಮಾಡಿ ಕ್ರೆಡಿಟ್ ತಗೊಂಡನಂತೆ. ಇವಳನ್ನೂ ಬೇಸಿಗೆ ರಜೆಯಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗೆ) ಕಳಿಸಿದರೆ ಅಂಕ ಸಿಗುತ್ತಾ?

ನೀವೇ ಪರಿಚಯದವರ ಹತ್ತಿರ ಮಾತಾಡಿ ಕಳಿಸಿದರೆ ಸಿಗುವುದಿಲ್ಲ. ಕ್ಯೂರಿಂಗ್ ವರ್ಕ್ಸ್‌ನವರು ಎಷ್ಟು ಚೆಂದದ ಸರ್ಟಿಫಿಕೇಟ್ ಕೊಟ್ಟರೂ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸೇರುವುದಿಲ್ಲ. ಅಮೆರಿಕದಲ್ಲೂ ಕೆಲಸ ಕೊಟ್ಟವರು ಕ್ರೆಡಿಟ್ ಕೊಡುವುದಿಲ್ಲ, ಶಾಲೆ ಕೊಡುತ್ತದೆ. ಸಾಮಾನ್ಯವಾಗಿ ಮೊದಲೇ ಶಾಲೆ, ಪೋಷಕರು, ಸಂಸ್ಥೆ ಮೂವರೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಹುಡುಗ ಕೆಲಸ ಮಾಡಿದ ಗಂಟೆಗಳ ಲೆಕ್ಕ ಬರೆದಿಡಬೇಕು. ಮೇಲ್ವಿಚಾರಕರು ವರದಿ ಕೊಡಬೇಕು. ಇದೆಲ್ಲ ನೋಡಿ ಶಿಕ್ಷಕರು ಗ್ರೇಡ್ ಹಾಕುತ್ತಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ದಾರಿ ಎನ್‌ಎಸ್‌ಕ್ಯುಎಫ್ ವಿಷಯಗಳು, ಅಂದರೆ ಶಾಲೆಯಲ್ಲೇ ಕಲಿಸುವ ವೃತ್ತಿ ಶಿಕ್ಷಣದ ವಿಷಯಗಳು. ಐಟಿ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥವು ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿವೆ. 9ನೇ ತರಗತಿಯಲ್ಲಿ ಶುರುವಾಗುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಪರೀಕ್ಷೆ ಬರೆಯುತ್ತಾರೆ. ಇಲ್ಲಿ ಕೈಕೆಲಸಕ್ಕೆ, ಪ್ರಾಕ್ಟಿಕಲ್‌ಗೆ ನಿಜವಾಗಿಯೂ ಅಂಕ ಉಂಟು. ನಿಮ್ಮ ಮಗಳು ಇನ್ನೂ 8ನೇ ತರಗತಿಯಲ್ಲಿರುವುದು ಒಳ್ಳೆಯದೇ ಆಯಿತು, ಯೋಚಿಸಲು ಸಮಯವಿದೆ. ನಿಮ್ಮ ಶಾಲೆಯಲ್ಲಿ ಯಾವ ವಿಷಯ ಇದೆ ಅಂತ ಈಗಲೇ ಕೇಳಿ.

ಕ್ರೆಡಿಟ್ ಎಂಬ ಲೆಕ್ಕವೂ ನಮ್ಮ ದೇಶಕ್ಕೆ ಬಂದಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಇಂಟರ್ನ್‌ಶಿಪ್ ಕೂಡ ಇದರೊಳಗೆ ಬರುತ್ತದೆ. ಆದರೆ ಗಂಟೆ ಕಳೆದರೆ ಸಾಲದು. ಮೌಲ್ಯಮಾಪನ ಆಗಲೇಬೇಕು. ಅದನ್ನು ಮಾಡುವುದು ಶಾಲೆ, ಬೋರ್ಡು. ಕ್ಯೂರಿಂಗ್ ವರ್ಕ್ಸ್ ಅಲ್ಲ.

ಹಾಗಾದರೆ ಕಳಿಸುವುದೇ ಬೇಡವೇ? ಖಂಡಿತ ಕಳಿಸಿ, ಆದರೆ ಕಲಿಯಲು ಮಾತ್ರ. 14 ತುಂಬದ ಮಕ್ಕಳನ್ನು ಹೊರಗೆ ದುಡಿಮೆಗೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಒಪ್ಪುವುದಿಲ್ಲ. 14ರಿಂದ 18ರವರಿಗೂ ಅಪಾಯದ ಕೆಲಸ ಕೊಡುವಂತಿಲ್ಲ. ಸಿಪ್ಪೆ ತೆಗೆಯುವ ಹಲ್ಲಿಂಗ್ ಮೆಷಿನ್ ಹತ್ತಿರ ಅವಳು ದೂರ ನಿಂತು ನೋಡಬೇಕು, ಅಷ್ಟೇ. ಸಿದ್ದಾಪುರ, ವಿರಾಜಪೇಟೆ ಕಡೆ ತೋಟದ ದಾರಿಯಲ್ಲಿ ಆನೆ ಕಾಟ ಇರುವುದು ನಿಮಗೇ ಗೊತ್ತು. ಬೆಳಗ್ಗೆ ಬೇಗ ಒಬ್ಬಳನ್ನೇ ಕಳಿಸಬೇಡಿ.

ನೋಡಿ ಕಲಿಯುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ರೋಬಸ್ಟಾ ಜನವರಿಯಿಂದ. ಹಾಗಾಗಿ ತೋಟದ ಕೊಯ್ಲಿನ ಹೊತ್ತಿಗೆ ಮಕ್ಕಳು ಪಾಠ, ಪರೀಕ್ಷೆಯಲ್ಲಿರುತ್ತಾರೆ. ರಜೆ ಬರುವಾಗ ಕೊಯ್ಲು ಮುಗಿದಿರುತ್ತದೆ. ಕ್ಯೂರಿಂಗ್‌ನಲ್ಲಿ ಆಗಲೂ ಕೆಲಸ ಇರುತ್ತದೆ. ತೇವಾಂಶ ಅಳೆಯುವುದು, ಗ್ರೇಡ್ ಮಾಡುವುದು, ಓಟಿ (ಔಟ್‌ಟರ್ನ್, ಅಂದರೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ತೆಗೆಯುವುದು ನೋಡಬಹುದು. 50 ಕೆ.ಜಿ. ಒಣ ಚೆರಿಯಲ್ಲಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನಲ್ಲಿ) 26 ಕೆ.ಜಿ. ಬೀಜ ಸಿಕ್ಕರೆ ಓಟಿ 26. ಬೆಳೆಗಾರರ ಕೈಗೆ ಬರುವ ದುಡ್ಡು ಈ ಸಂಖ್ಯೆಯ ಮೇಲೆ ನಿಂತಿದೆ. ಶೇಕಡಾವಾರು ಲೆಕ್ಕ ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ಬೇಗ ತಲೆಗೆ ಹತ್ತುತ್ತದೆ, ಅಲ್ವಾ? ನೋಡಿದ್ದನ್ನು ದಿನಾ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ಮುಂದೆ ಪಿಯುಸಿಯಲ್ಲಿ ಪ್ರಾಜೆಕ್ಟ್ ಬರೆಯುವಾಗ ಅದೇ ಬಂಡವಾಳ.

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ನಡುವೆ 10 ದಿನ ಬ್ಯಾಗಿಲ್ಲದೆ, ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯುವ ಮಾತು ಹೇಳುತ್ತದೆ. ಒಬ್ಬಳನ್ನೇ ಕಳಿಸುವ ಬದಲು ಇಡೀ ತರಗತಿಯನ್ನೇ ಕರೆದುಕೊಂಡು ಹೋಗಿ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ. ಗೋಣಿಕೊಪ್ಪದಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯ ಶಿಕ್ಷಕರ ಸಹಿ ಇರುವ ಪತ್ರ ಕೊಟ್ಟು ವಿಚಾರಿಸಿ. ಪತ್ರದ ಕೆಲಸ ರಜೆಗೆ ಮೊದಲೇ ಮುಗಿಸಿ. ಏಪ್ರಿಲ್‌ನಲ್ಲಿ ಸಹಿ ಹಾಕುವವರು ಶಾಲೆಯಲ್ಲಿ ಸಿಗುವುದು ಕಷ್ಟ.